ಇರುಳ ದೊರೆಯ ಅವಸರ

"ಅಮ್ಮಾ, ಏಡಿ! ನೋಡು ನೋಡು, ಏಡಿ ಡ್ಯಾನ್ಸ್ ಮಾಡ್ತಿದೆ!"

ಮೂರನೆಯ ಸಾಲಿನ ಹುಡುಗಿಯೊಬ್ಬಳು ಹೀಗೆ ಕೂಗಿದ್ದೇ ತಡ, ಇಡೀ ಹಾಲ್ ಗೊಳ್ಳೆಂದಿತು. ಸ್ಟುಡಿಯೊದವರು ಆಸುಪಾಸಿನ ಎರಡು ಶಿಶುವಿಹಾರಗಳಿಂದ ಅರವತ್ತು ಮಕ್ಕಳನ್ನು ತಾಯಂದಿರ ಸಮೇತ ಕರೆಸಿ, ಒಂದೊಂದು ಕೈಗೂ ಹಣ್ಣಿನ ರಸದ ಡಬ್ಬಿ ಕೊಟ್ಟು, ಇನ್ನೂ ಪೂರ್ತಿ ಮುಗಿಯದ ಸಿನಿಮಾ ತೋರಿಸುತ್ತಿದ್ದರು. ಪರದೆಯ ಮೇಲೆ ಕಲ್ಲು ಕ್ವಾರಿಯೊಂದರ ನೆತ್ತಿಯಲ್ಲಿ ಇರುಳ ದೊರೆ ನಿಂತಿದ್ದ. ಹಿಂದೆ ಹೊಗೆ, ಬೆಂಕಿ, ಹಾರುವ ಕಲ್ಲು. ಬಲಗೈ ಮೇಲೆತ್ತಿ, "ಈ ಲೋಕದ ಹಗಲು ಇಲ್ಲಿಗೆ ಮುಗಿಯಿತು" ಎಂದು ಗುಡುಗಿದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಹುಡುಗನಂತೂ ಎದ್ದು ನಿಂತು, ಎರಡೂ ಕೈಯನ್ನು ಕೊಂಡಿಯಂತೆ ಆಡಿಸಿ, ಅಡ್ಡಡ್ಡ ನಡೆದು ತೋರಿಸಿದ.

ಸೆಗಾವಾ ಹಿಂದಿನ ಗೋಡೆಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ದೊರೆಯ ವೇಷದೊಳಗೆ ಇದ್ದವನು ಅವನೇ. ವಯಸ್ಸು ಐವತ್ತೇಳು. ಮಕ್ಕಳ ಸಾಹಸ ಸಿನಿಮಾಗಳಲ್ಲಿ ಐವರು ವೀರರ ಕೈಯಲ್ಲಿ ಒದೆ ತಿಂದು ಸಾಯುವುದಕ್ಕೆಂದೇ ಹುಟ್ಟುವ ರಾಕ್ಷಸರ ವೇಷದೊಳಗೆ ಹೊಕ್ಕು, ಅವರಿಗೆ ಕೈಕಾಲು ಕೊಡುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಮುಖ ಯಾರಿಗೂ ಕಾಣುವುದಿಲ್ಲ, ದನಿಯನ್ನು ಆಮೇಲೆ ಹೆಸರಾಂತ ನಟನೊಬ್ಬ ಬಂದು ಕೂಡಿಸಿ ಹೋಗುತ್ತಾನೆ. ಟೋಕಿಯೊದ ಈ ಸ್ಟುಡಿಯೊಗಳಲ್ಲಿ ಇಂಥವರಿಗೆ 'ಒಳಗಿನವರು' ಎನ್ನುತ್ತಾರೆ. ಒಳಗಿನವರ ಪೈಕಿ ಸೆಗಾವಾನದು ದೊಡ್ಡ ಹೆಸರು. ಒಂದು ಕಾಲದಲ್ಲಿ ಅವನು ಪರದೆಗೆ ಬಂದರೆ ಮಕ್ಕಳ ಚಡ್ಡಿ ಒದ್ದೆಯಾಗುತ್ತಿತ್ತು. ಮನೆಯಲ್ಲಿ ಮಾತ್ರ ಜಿರಳೆ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದ.

ಈಗ ಕೂಗುವುದಕ್ಕೆ ಆಕೆ ಇರಲಿಲ್ಲ. ಮಿತ್ಸುಯೊ ಸತ್ತು ಮೂರು ತಿಂಗಳಾಗಿತ್ತು. ಅವತ್ತಿನಿಂದ ಸೆಗಾವಾನಿಗೆ ಏನೂ ತಾಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದಂತಿರುತ್ತದಲ್ಲ, ಅವನ ಇಡೀ ಮೈ ಹಾಗಾಗಿತ್ತು. ಬೆಳಿಗ್ಗೆ ಆಕೆಯ ಫೋಟೊದ ಮುಂದೆ ಒಂದು ಚಿಟಿಕೆ ಅನ್ನ ಇಟ್ಟು, ಊದುಬತ್ತಿ ಹಚ್ಚಿ, ಪುಟ್ಟ ಗಂಟೆ ಬಾರಿಸುತ್ತಿದ್ದ. ಯಾವ ವಾರ ಯಾವ ಕಸ ಹೊರಗಿಡಬೇಕೆಂಬುದು ಆಕೆಗೆ ಮಾತ್ರ ಗೊತ್ತಿತ್ತು. ಸುಟ್ಟುಹಾಕುವ ಕಸವನ್ನು ಬಾಟಲಿ ಒಯ್ಯುವ ದಿನ ಇಟ್ಟು ಬಂದರೆ, ಚೀಲ ಒಂದು ಕೆಂಪು ಚೀಟಿ ಅಂಟಿಸಿಕೊಂಡು ಮನೆ ಬಾಗಿಲಿಗೆ ವಾಪಸು ಬರುತ್ತಿತ್ತು. ಅವನು ಅದನ್ನು ಒಳಗೆ ತಂದು ಅಡುಗೆಮನೆಯ ಮೂಲೆಯಲ್ಲಿಡುತ್ತಿದ್ದ. ಈಗ ಅಲ್ಲಿ ಐದು ಚೀಲಗಳಿದ್ದವು.

ಹಾಗಾಗಿ ಮಕ್ಕಳು ನಕ್ಕರೆ ಅವನಿಗೇನೂ ಅನ್ನಿಸಬೇಕಾಗಿರಲಿಲ್ಲ. ಆದರೆ ಅವರು ನಕ್ಕಿದ್ದು ಆ ಒಂದು ಶಾಟಿಗೆ.

ಫೆಬ್ರವರಿಯ ಒಂದು ಮಧ್ಯಾಹ್ನ ತೊಚಿಗಿಯ ಕ್ವಾರಿಯಲ್ಲಿ ಅದನ್ನು ತೆಗೆದಿದ್ದರು. ಮೊದಲನೆಯ ಟೇಕ್ ಮುಗಿದಾಗ ಮೂರು ಗಂಟೆ. ವೇಷ ತೊಡಿಸುವ ಹಾಮಾದಾ ಅವನ ಫೋನ್ ಹಿಡಿದು ಕಲ್ಲುಗಳ ಮೇಲೆ ಏದುಸಿರು ಬಿಡುತ್ತ ಓಡಿಬಂದಳು. ಮಗಳು ಮಿಯಾಕೊ ಆಸ್ಪತ್ರೆಯಿಂದ ಕರೆ ಮಾಡಿದ್ದಳು. ಅಮ್ಮನಿಗೆ ತೀರಾ ಹೆಚ್ಚಾಗಿದೆ, ತಕ್ಷಣ ಹೊರಡು ಎಂದಳಂತೆ. ಹೊರಡಬೇಕೆಂದರೆ ಬೆನ್ನ ಹೊಲಿಗೆ ಬಿಚ್ಚಿ, ಹದಿನೆಂಟು ಕಿಲೊ ವೇಷ ಕಳಚುವುದಕ್ಕೇ ಇಪ್ಪತ್ತೈದು ನಿಮಿಷ ಬೇಕು. ಅಲ್ಲಿಂದ ತಾಚಿಕಾವಾದ ಆಸ್ಪತ್ರೆಗೆ ಎರಡೂಕಾಲು ಗಂಟೆಯ ದಾರಿ. ಬಿಸಿಲು ಇಳಿಯುತ್ತಿತ್ತು. ಸಿಡಿಮದ್ದು ಹೂಳಿ ಆಗಿತ್ತು. ಎಪ್ಪತ್ತು ಜನ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಕಾಯುತ್ತಿದ್ದರು.

"ಇದೊಂದು ಮುಗಿಸಿಬಿಡ್ತೀನಿ. ನೀನು ಯಾರಿಗೂ ಹೇಳ್ಬೇಡ," ಎಂದಿದ್ದ ಸೆಗಾವಾ, ವೇಷದ ಬಾಯಿಯ ಸೀಳಿನಿಂದ.

ಯಾರೂ ಅವನನ್ನು ಹಿಡಿದು ನಿಲ್ಲಿಸಲಿಲ್ಲ. ಹೇಳಿದ್ದರೆ ಅಲ್ಲಿದ್ದವರೇ ಅವನನ್ನು ಹೊತ್ತು ಕಾರಿಗೆ ಹಾಕುತ್ತಿದ್ದರು. ಅವನು ಹೇಳಲಿಲ್ಲ. ಆ ಶಾಟ್ ಇನ್ನೆರಡು ಸಲ ಆಗಬೇಕಾಯಿತು, ಐವತ್ತು ನಿಮಿಷ ಹಿಡಿಯಿತು. ಅವನು ಆಸ್ಪತ್ರೆ ಮುಟ್ಟಿದಾಗ ಮಿತ್ಸುಯೊ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

ಸಾವಿನ ನಲವತ್ತೊಂಬತ್ತನೆಯ ದಿನ ಬೂದಿಯ ಕರಂಡವನ್ನು ಸಮಾಧಿಯಲ್ಲಿಟ್ಟು, ಭಿಕ್ಷು ಹೊರಟುಹೋದ ಮೇಲೆ ಮಿಯಾಕೊ ಆ ಮಾತು ತೆಗೆದಿದ್ದಳು. ಮೂವತ್ತೊಂದು ವರ್ಷದವಳು, ಔಷಧಿ ಅಂಗಡಿಯಲ್ಲಿ ಕೆಲಸ, ಅಮ್ಮನ ಹಾಗೇ ದನಿ ಏರಿಸದೆ ಮಾತಾಡುವವಳು.

"ನಾನು ಫೋನ್ ಮಾಡಿದ್ದು ಮೂರು ಗಂಟೆಗೆ. ನೀನು ಅಲ್ಲಿಂದ ಹೊರಟಿದ್ದು ನಾಲ್ಕೂಕಾಲಿಗೆ. ಯಾರಪ್ಪಾ ತಡೆದ್ರು?"

"ಯಾರೂ ತಡೀಲಿಲ್ಲ."

"ಮತ್ತೆ?"

"ಒಂದು ಶಾಟ್ ಬಾಕಿ ಇತ್ತು."

ಮಿಯಾಕೊ ಬಗ್ಗಿ, ಸಮಾಧಿಯ ಮೇಲಿನ ಹೂವನ್ನು ಸರಿಮಾಡಿದಳು. "ಚೆನ್ನಾಗಿ ಬಂತಾ?"

"ಬಂತು."

"ಹಾಗಾದ್ರೆ ಸಿನಿಮಾ ಬಂದಾಗ ಅದನ್ನ ನಂಗೆ ತೋರಿಸು. ಅಮ್ಮನ್ನ ಬಿಟ್ಟು ನೀನು ಏನು ಆರಿಸ್ಕೊಂಡೆ ಅಂತ ನಾನೊಂದ್ಸಲ ಕಣ್ಣಾರೆ ನೋಡ್ಬೇಕು. ಅಲ್ಲೀವರೆಗೂ ನನ್ನ ಹತ್ರ ಮಾತಾಡ್ಬೇಡ."

ಅವಳು ಮಾತಿಗೆ ತಪ್ಪುವವಳಲ್ಲ. ಅಂದಿನಿಂದ ಫೋನ್ ಇಲ್ಲ, ಮೊಮ್ಮಗ ಇಕುಮಾನ ಫೋಟೊ ಇಲ್ಲ. ಅವನಿಗೂ ಮಗಳಿಗೂ ನಡುವೆ ಉಳಿದಿದ್ದ ಸೇತುವೆ ಎಂದರೆ ನಲವತ್ತು ಸೆಕೆಂಡಿನ ಆ ಶಾಟ್ ಒಂದೇ. ಅದನ್ನೀಗ ನೋಡಿ ಅರವತ್ತು ಮಕ್ಕಳು ಏಡಿ ಎಂದು ನಗುತ್ತಿದ್ದರು.

ಮಕ್ಕಳು ಹೋದ ಮೇಲೆ ನಿರ್ದೇಶಕ ವಾಕುಯಿ ಮೇಜಿನ ಮೇಲೆ ಚೀಟಿಗಳನ್ನು ಹರಡಿದ. ಪ್ರತಿಯೊಂದರಲ್ಲೂ ಮೂರು ಮುಖಗಳ ಚಿತ್ರವಿತ್ತು. ದೊರೆಯನ್ನು ಕಂಡಾಗ ನಿನಗೇನಾಯಿತೋ ಆ ಮುಖಕ್ಕೆ ಸುತ್ತು ಹಾಕು ಎಂದು ಮಕ್ಕಳಿಗೆ ಹೇಳಲಾಗಿತ್ತು. ಮುಕ್ಕಾಲು ಪಾಲು ಮಕ್ಕಳು ನಗುವ ಮುಖಕ್ಕೆ ಸುತ್ತು ಹಾಕಿದ್ದರು. ಒಬ್ಬಳು ಮೂರು ಮುಖಗಳನ್ನೂ ಬಿಟ್ಟು, ಪಕ್ಕದಲ್ಲಿ ಏಡಿ ಬರೆದು ಬಣ್ಣ ತುಂಬಿದ್ದಳು.

ವಾಕುಯಿಗೆ ಮೂವತ್ತೆಂಟು. ತಲೆಯ ಮೇಲೆ ಕೈ ಹೊತ್ತು ಕೂತ. "ನಂಗೆ ಏಳು ವರ್ಷ ಇದ್ದಾಗ ನಿಮ್ಮನ್ನ ಟಿ.ವಿ.ಲಿ ನೋಡಿ ಒಂದು ತಿಂಗಳು ಬಚ್ಚಲಿಗೆ ಒಬ್ನೇ ಹೋಗ್ಲಿಲ್ಲ ಸೆಗಾವಾ ಸಾನ್. ನಮ್ಮಮ್ಮ ಬಾಗಿಲ ಹೊರಗೆ ನಿಂತು ಹಾಡು ಹೇಳ್ಬೇಕಿತ್ತು. ಅದಕ್ಕೇ ನೀವೇ ಬೇಕು ಅಂತ ಹಟ ಹಿಡಿದು ಕರ್ಕೊಂಡೆ. ಈಗ ನೋಡಿದ್ರೆ ಹೀಗಾಗಿದೆ."

"ಹೌದು," ಎಂದ ಸೆಗಾವಾ.

"ಎಲ್ಲಿ ತಪ್ತು ಅಂತಾನೇ ಗೊತ್ತಾಗ್ತಿಲ್ಲ. ಕೊಂಬು ಉದ್ದ ಮಾಡಿದ್ವಿ. ಕಣ್ಣಿಗೆ ಕೆಂಪು ದೀಪ ಹಾಕಿದ್ವಿ. ಚಿಕ್ಕಂದಿನಲ್ಲಿ ಅವನ ಗ್ರಹ ಸುಟ್ಟುಹೋಯ್ತು, ಅದಕ್ಕೆ ಕೆಟ್ಟವನಾದ ಅಂತ ಒಂದು ದುಃಖದ ಕಥೆನೂ ಕೊಟ್ವಿ. ಆ ಕಥೆ ಬಂದಾಗ ಮಕ್ಕಳು ಆಕಳಿಸ್ತಿದ್ರು."

ಸೆಗಾವಾನಿಗೆ ತಪ್ಪು ಆಗಲೇ ಕಂಡಿತ್ತು. ಗೋಡೆಗೆ ಒರಗಿ ನಿಂತಾಗಲೇ ಕಂಡಿತ್ತು. ಬೇರೆಯವರು ವೇಷವನ್ನು ನೋಡುತ್ತಾರೆ, ಅವನಿಗೆ ಒಳಗಿನವನು ಕಾಣುತ್ತಾನೆ. ವೇಷ ತೊಟ್ಟ ಮೇಲೆ ಒಳಗಿನವನ ಮನಸ್ಸು ಹೊರಗೆ ಕಾಣಬಾರದು ಎಂಬುದು ಹೊಸಬರಿಗೆ ಅವನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ. ಆ ಪಾಠವನ್ನು ಅವನೇ ಮುರಿದಿದ್ದ.

"ಅವನಿಗೆ ಅವಸರ," ಎಂದ.

"ಏನಂದ್ರಿ?"

"ದೊರೆಗೆ. ಕೈ ಕೆಳಗೆ ಬರೋದು ನೋಡಿ. ಒಂಚೂರು ಮುಂಚೇನೇ ಬಂದ್ಬಿಡುತ್ತೆ. ಕಾಲು ಆಗಲೇ ತಿರುಗಿರುತ್ತೆ. ಅವಸರದಲ್ಲಿರೋ ಖಳನಿಗೆ ಯಾರು ಹೆದರ್ತಾರೆ?"

ವಾಕುಯಿ ಆ ಶಾಟನ್ನು ಮತ್ತೆ ಹಾಕಿಸಿ ನೋಡಿದ, ಇನ್ನೊಮ್ಮೆ ನೋಡಿದ, ತೊಡೆ ತಟ್ಟಿದ. "ಹೌದಲ್ವಾ! ಎಲ್ಲೋ ಹೋಗ್ಬೇಕಾದವನ ಥರ ಮಾಡ್ತಿದಾನೆ. ಅಲ್ಲಾ, ಲೋಕ ನಾಶ ಮಾಡಕ್ಕೆ ಅಂತ ಬಂದವನಿಗೆ ಇನ್ನೆಲ್ಲಿಗಪ್ಪಾ ಹೋಗ್ಬೇಕಿತ್ತು?"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಬಾಗಿಲ ಬಳಿ ವೇಷದ ಕೈಗವಸು ಹೊಲಿಯುತ್ತ ಕೂತಿದ್ದ ಹಾಮಾದಾ ಮಾತ್ರ ನಗಲಿಲ್ಲ. ಸೂಜಿ ನಿಲ್ಲಿಸಿ ಸೆಗಾವಾನ ಮುಖ ನೋಡಿದಳು.

ಜೂನ್ ತಿಂಗಳಲ್ಲಿ ಮತ್ತೆ ಚಿತ್ರೀಕರಣ ಎಂದು ತೀರ್ಮಾನವಾಯಿತು. ದೊರೆಯ ಮೂರು ದೃಶ್ಯಗಳನ್ನು ಹೊಸದಾಗಿ ತೆಗೆಯುವುದು, ಹಳೆಯವನ್ನು ಕಿತ್ತುಹಾಕುವುದು. ಎಲ್ಲರೂ ಎದ್ದು ಹೊರಟಾಗ ಸೆಗಾವಾ ಹಿಂದೆ ಉಳಿದ. ಮೂವತ್ತೊಂದು ವರ್ಷದಲ್ಲಿ ಅವನು ಯಾವ ನಿರ್ದೇಶಕನನ್ನೂ ಏನನ್ನೂ ಕೇಳಿದವನಲ್ಲ.

"ವಾಕುಯಿ ಸಾನ್, ಆ ಕ್ವಾರಿ ಶಾಟ್ ಇದೆಯಲ್ಲ. ಅದೊಂದನ್ನ ಹಾಗೇ ಇಟ್ಕೊಳ್ಳಕ್ಕಾಗುತ್ತಾ?"

ವಾಕುಯಿ ಬೆರಗಾಗಿ ನೋಡಿದ. "ಅದನ್ನಾ? ಮಕ್ಕಳು ಜಾಸ್ತಿ ನಕ್ಕಿದ್ದೇ ಅದಕ್ಕೆ. ಯಾಕೆ?"

ಯಾಕೆಂದು ಹೇಳುವುದಕ್ಕೆ ಎರಡು ಮಾತು ಸಾಕಿತ್ತು. ಆ ಎರಡು ಮಾತು ನಾಲಿಗೆಯ ತನಕ ಬಂದವು, ಅಲ್ಲೇ ನಿಂತವು.

"ಸುಮ್ನೆ ಕೇಳ್ದೆ," ಎಂದ ಸೆಗಾವಾ.

"ಏನು ತಪ್ಪು ಅಂತ ಹೇಳಿದವರೇ ನೀವು!" ಎಂದು ವಾಕುಯಿ ನಕ್ಕು ಅವನ ಹೆಗಲು ಮುಟ್ಟಿದ. "ನಾನೊಬ್ನೇ ಆಗಿದ್ರೆ ಇನ್ನೊಂದು ವರ್ಷ ಕೂತ್ರೂ ಗೊತ್ತಾಗ್ತಿರ್ಲಿಲ್ಲ."

ಮಳೆಗಾಲದ ನಡುವೆ ಒಂದು ದಿನ ಆಕಾಶ ಬಿಡುವು ಕೊಟ್ಟಾಗ ಮತ್ತೆ ಅದೇ ಕ್ವಾರಿಗೆ ಹೋದರು. ಗುಂಡಿಗಳಲ್ಲಿ ಕೆಂಚು ನೀರು ನಿಂತಿತ್ತು. ವ್ಯಾನಿನ ಹಿಂದೆ ಹಾಮಾದಾ ಅವನಿಗೆ ವೇಷ ತೊಡಿಸಿದಳು. ಅರವತ್ತು ದಾಟಿದವಳು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ.

"ಹೇಳ್ಬಿಡಿ ವಾಕುಯಿ ಅವರಿಗೆ," ಎಂದಳು, ಬೆನ್ನ ಹೊಲಿಗೆ ಹಾಕುತ್ತ.

"ಏನಂತ?"

"ನನ್ನೇನು ಕೇಳ್ತೀರಿ. ಅವತ್ತು ನಾನೂ ಬಾಯಿ ಮುಚ್ಕೊಂಡಿದ್ದೆ. ನಂಗೂ ನಿದ್ದೆ ಬರಲ್ಲ."

"ಬಿಗಿಯಾಗಿ ಹಾಕು. ಭುಜ ಜಾರ್ತಿದೆ," ಎಂದ ಸೆಗಾವಾ. ಅವಳು ಬಿಗಿಯಾಗಿ ಹಾಕಿದಳು.

ಈ ಕಸುಬಿನಲ್ಲಿ ಒಂದು ಪದ್ಧತಿ ಇದೆ. ವೇಷದ ಬಾಯಿ ತೆರೆಯುವುದಿಲ್ಲ, ಕಣ್ಣು ಮಿಟುಕುವುದಿಲ್ಲ. ನಾಲ್ಕು ರಾಕ್ಷಸರು ಸಾಲಾಗಿ ನಿಂತರೆ ಮಾತಾಡುತ್ತಿರುವವನು ಯಾರೆಂದು ನೋಡುವವರಿಗೆ ತಿಳಿಯಬೇಡವೇ? ಅದಕ್ಕೆ ಮಾತಿನ ಒಂದೊಂದು ತುಂಡಿಗೂ ಒಳಗಿನವನು ತಲೆ ಆಡಿಸಬೇಕು, ಕೈ ಬೀಸಬೇಕು, ಎದೆ ಉಬ್ಬಿಸಬೇಕು. ಚಿತ್ರೀಕರಣದ ಹೊತ್ತಿಗೆ ಸಹಾಯಕನೊಬ್ಬ ದೂರದಿಂದ ಮಾತನ್ನು ಕೂಗಿ ಓದುತ್ತಾನೆ. ತಾಳ ಕೇಳಿದಂತೆ ಅದನ್ನು ಕೇಳಿಕೊಂಡು ತಲೆ ಆಡಿಸಬೇಕು. ಹೊಸ ಹುಡುಗರು ಮರೆತು ಸುಮ್ಮನೆ ನಿಂತುಬಿಡುತ್ತಾರೆ. "ತಲೆ! ತಲೆ ಎಲ್ಲೋ ನಿಂದು?" ಎಂದು ಕ್ವಾರಿ ಹಾರಿಹೋಗುವಂತೆ ಬೈಯುತ್ತಿದ್ದವನು ಸೆಗಾವಾನೇ. ಆ ತಪ್ಪನ್ನು ಅವನು ಎಂದೂ ಮಾಡಿದವನಲ್ಲ.

ಅವತ್ತು ಮಾಡಿದ. ಬಂಡೆಯ ಮೇಲೆ ಹತ್ತಿ ನಿಂತ. ಕೆಳಗೆ ಐವರು ವೀರರು ಸಾಲಾಗಿ ನಿಂತರು. ಸಿಡಿಮದ್ದು ಹಾರಿತು. ಸಹಾಯಕ ಕಾಗದ ನೋಡಿ, "ಈ ಲೋಕದ ಹಗಲು ಇಲ್ಲಿಗೆ ಮುಗಿಯಿತು," ಎಂದು ಕೂಗಿದ. ಸೆಗಾವಾ ಅದನ್ನು ಕೇಳಿಸಿಕೊಂಡ. ಅಷ್ಟೇ, ಕೇಳಿಸಿಕೊಂಡ. ಸೀಳಿನಾಚೆ ಕೆಂಚು ನೀರು, ಅದರಾಚೆ ವ್ಯಾನು, ಅದರಾಚೆ ರಸ್ತೆ. ಆ ರಸ್ತೆ ಹಿಡಿದು ಈಗ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಎಷ್ಟು ಹೊತ್ತಿಗೆ ಹೋದರೂ ಒಂದೇ. ವೇಷದೊಳಗೆ ಬೆವರು ಇಳಿಯುತ್ತಿತ್ತು, ಅಂಟಿನ ವಾಸನೆ ಬರುತ್ತಿತ್ತು. ಸಹಾಯಕ ಎರಡನೆಯ ಮಾತು ಓದಿದ, ಮೂರನೆಯದು ಓದಿದ. ಸೆಗಾವಾನ ಕೈ ಏಳಲಿಲ್ಲ, ತಲೆ ಅಲುಗಲಿಲ್ಲ.

ಕೆಳಗೆ ಕೆಂಪು ವೇಷದ ಹುಡುಗ, ಗೆಲ್ಲಬೇಕಾದವನು, ನಿಲ್ಲಬೇಕಾದ ಗುರುತು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಹಾಗೆ ಸರಿಯಬೇಕೆಂದು ಎಲ್ಲೂ ಬರೆದಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ವಾಕುಯಿ, ಕೂಗದೆ, ಮೆಲ್ಲನೆ, "ಕಟ್," ಎಂದ.

"ತಪ್ಪಾಯ್ತು," ಎಂದ ಸೆಗಾವಾ ಮೇಲಿನಿಂದ. "ತಲೆ ಆಡಿಸೋದು ಮರೆತೆ. ಇನ್ನೊಂದ್ಸಲ ಮಾಡೋಣ."

"ಬೇಡ," ಎಂದು ವಾಕುಯಿ ಕೈ ಅಡ್ಡ ಆಡಿಸಿದ. "ಬೇಡ, ಬೇಡ. ಉಳಿದೆರಡು ಸೀನಲ್ಲೂ ದಯವಿಟ್ಟು ಹಿಂಗೇ ಮರೀರಿ."

ಸಂಜೆ ಹಾಮಾದಾ ಹೊಲಿಗೆ ಬಿಚ್ಚಿದಳು. ಕೊನೆಗೆ ತಲೆಯ ಭಾಗ ಎತ್ತಿ, ಒಳಗಿದ್ದ ಒದ್ದೆ ಮುಖವನ್ನು ಟವೆಲಿನಲ್ಲಿ ಒರೆಸಿ, "ಒಳಗೆ ಯಾರೂ ಇಲ್ಲ ಅನ್ನಿಸ್ಬಿಡ್ತು ನಂಗೆ," ಎಂದಳು.

ಜುಲೈ ಕೊನೆಗೆ ಸಿನಿಮಾ ತೆರೆ ಕಂಡಿತು. ಈ ದೊರೆಯಂಥ ಖಳ ಹತ್ತು ವರ್ಷದಲ್ಲಿ ಬಂದಿರಲಿಲ್ಲ ಎಂದು ಪತ್ರಿಕೆಯೊಂದು ಬರೆಯಿತು. ಅವನು ಕೋಪಗೊಳ್ಳುವುದಿಲ್ಲ, ನಗುವುದಿಲ್ಲ, ಏನು ಬೇಕೆಂದು ಹೇಳುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ, ಅದನ್ನು ನೋಡಲಾಗುವುದಿಲ್ಲ ಎಂದಿತ್ತು. ವಾಕುಯಿ ಆ ಹಾಳೆಯನ್ನು ಕತ್ತರಿಸಿ ಕಳಿಸಿಕೊಟ್ಟ. ಸೆಗಾವಾ ಓದಿ, ಮಡಿಸಿಟ್ಟು, ನೂಡಲ್ಸಿಗೆ ಬಿಸಿನೀರು ಹಾಕಿ ಮೂರು ನಿಮಿಷ ಕಾದ. ಆಮೇಲೆ ಮಗಳಿಗೆ ಒಂದು ಸಾಲು ಕಳಿಸಿದ: ಭಾನುವಾರ ಬೆಳಿಗ್ಗೆ ಹತ್ತರ ಆಟ, ತಾಚಿಕಾವಾ. ರಾತ್ರಿ ಉತ್ತರ ಬಂತು. ಬರ್ತೀವಿ.

ಆ ಶಾಟ್ ಸಿನಿಮಾದಲ್ಲಿಲ್ಲ ಎಂದು ಅವನು ಬರೆಯಲಿಲ್ಲ. ಬರೆದಿದ್ದರೆ ಅವಳು ಬರುತ್ತಿರಲಿಲ್ಲ.

ಐದು ವರ್ಷದ ಇಕುಮಾ ಇಬ್ಬರ ನಡುವೆ ಕೂತ. ಅಜ್ಜ ಪರದೆಯಲ್ಲಿ ಬರುತ್ತಾನೆಂದು ಅವನಿಗೆ ಗೊತ್ತಿತ್ತು. ಪ್ರತಿಯೊಬ್ಬ ರಾಕ್ಷಸ ಬಂದಾಗಲೂ, "ಇದು ನೀನಾ? ಇದು?" ಎಂದು ಪಾಪ್‌ಕಾರ್ನ್ ತುಂಬಿದ ಬಾಯಲ್ಲಿ ಕೇಳುತ್ತಿದ್ದ. ಬಂಡೆಯ ಮೇಲೆ ಇರುಳ ದೊರೆ ನಿಂತಾಗ ಕೇಳಲಿಲ್ಲ. ಹಾಲಿನಲ್ಲಿ ಒಂದು ಮಗುವೂ ಕಮಕ್ ಕಿಮಕ್ ಎನ್ನಲಿಲ್ಲ. ಆ ದೊರೆ ಅಲುಗದೆ ನಿಂತಿದ್ದ, ದನಿ ಎಲ್ಲಿಂದಲೋ ಬರುತ್ತಿತ್ತು. ಇಕುಮಾ ಡಬ್ಬಿ ಬಿಟ್ಟು, ಅಮ್ಮನ ತೊಡೆಗೆ ಹಾರಿ ಮುಖ ಹುದುಗಿಸಿಕೊಂಡ. ಮಿಯಾಕೊ ಅವನ ಬೆನ್ನ ಮೇಲೆ ಕೈಯಿಟ್ಟು, ಕಣ್ಣು ಮಿಟುಕಿಸದೆ ಪರದೆ ನೋಡುತ್ತಿದ್ದಳು.

ಆಟ ಮುಗಿದು, ಅದೇ ಕಟ್ಟಡದ ತಾರಸಿಯ ಮೇಲೆ ಕಾರು ನಿಲ್ಲಿಸಿದ್ದಲ್ಲಿಗೆ ಬಂದಾಗ ಹನ್ನೆರಡು ದಾಟಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ದಾರಿಯುದ್ದಕ್ಕೂ ಇಕುಮಾ ಅಜ್ಜನ ಕೈ ಹಿಡಿಯಲಿಲ್ಲ. ಮಿಯಾಕೊ ಅವನನ್ನು ಕಾರಿನಲ್ಲಿ ಕೂರಿಸಿ, ತಂಪುಗಾಳಿ ಹಾಕಿ, ಬಾಗಿಲು ಮುಚ್ಚಿ ಅಪ್ಪನ ಕಡೆ ತಿರುಗಿದಳು.

"ಬಂಡೆ ಮೇಲೆ ನಿಂತಿದ್ದೆಯಲ್ಲ. ಅದೇ ತಾನೇ?"

ಹೌದು ಎಂದರೆ ಮುಗಿಯುತ್ತಿತ್ತು. ಅದೇ ಬಂಡೆ, ಅದೇ ವೇಷ, ಅದೇ ಮಾತು. ಅಷ್ಟು ಒಳ್ಳೆಯ ಶಾಟಿಗಾಗಿ ಅಪ್ಪ ನಿಂತುಬಿಟ್ಟ ಎಂದು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಅವಳು ನುಂಗಿಕೊಳ್ಳಲು ಸಿದ್ಧವಾಗಿಯೇ ಬಂದಿದ್ದಾಳೆ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು.

"ಅಲ್ಲ," ಎಂದ ಸೆಗಾವಾ. "ಅದು ಜೂನಲ್ಲಿ ತೆಗೆದಿದ್ದು. ಅವತ್ತಿಂದು ಸಿನಿಮಾದಲ್ಲಿಲ್ಲ. ಕಿತ್ತುಹಾಕಿದ್ರು."

"ಯಾಕೆ?"

"ಚೆನ್ನಾಗಿ ಬಂದಿರ್ಲಿಲ್ಲ."

"ಚೆನ್ನಾಗಿ ಬಂತು ಅಂದಿದ್ದೆ ನೀನು."

"ಅಂದಿದ್ದೆ. ಆಮೇಲೆ ಮಕ್ಕಳಿಗೆ ತೋರಿಸಿದ್ರು. ಮಕ್ಕಳು ನಕ್ಕುಬಿಟ್ರು. ಏಡಿ ಡ್ಯಾನ್ಸ್ ಮಾಡ್ತಿದೆ ಅಂತ."

ಮಿಯಾಕೊ ಕಾರಿನ ಮೇಲೆ ಕೈಯೂರಿದಳು. ಲೋಹ ಕಾದಿತ್ತು, ತಕ್ಷಣ ತೆಗೆದಳು. "ಅಮ್ಮ ಬಾಗಿಲು ನೋಡ್ತಿದ್ಲು ಅಪ್ಪ. ಕೊನೇವರೆಗೂ ಬಾಗಿಲನ್ನೇ ನೋಡ್ತಿದ್ಲು. ಅದಕ್ಕೆ ಬದಲಾಗಿ ಸಿಕ್ಕಿದ್ದು ಅದೊಂದು. ಅದನ್ನೂ ಎಸೆದ್ಬಿಟ್ರಾ?"

"ಎಸೆದ್ರು."

ಕೆಳಗಿನ ರಸ್ತೆಯಲ್ಲಿ ರೈಲ್ವೆ ಗೇಟಿನ ಗಂಟೆ ಬಡಿದು ನಿಂತಿತು. ಆಮೇಲೆ ಅವಳು ಕಾರಿನ ಮುಂಭಾಗಕ್ಕೆ ಬಂದು ನಿಂತು, "ಮಾಡು," ಎಂದಳು.

"ಏನನ್ನ?"

"ಅವತ್ತು ಏನು ಮಾಡ್ದೆಯೋ ಅದನ್ನ. ಇಲ್ಲಿ. ನನ್ನೆದುರಿಗೆ. ಸಿನಿಮಾದಲ್ಲಿ ಇಲ್ದೇ ಇದ್ರೆ ಹೋಗ್ಲಿ, ನಿನ್ನ ಮೈಯಲ್ಲಿ ಇರುತ್ತಲ್ಲ."

ಸೆಗಾವಾನಿಗೆ ಹೆದರಿಕೆಯಾಯಿತು. ಐದು ತಿಂಗಳಲ್ಲಿ ಅವನಿಗೆ ಮೊದಲು ತಾಗಿದ್ದು ಅದೇ. ಆದರೂ ಟೋಪಿ ತೆಗೆದು ಮಗಳ ಕೈಗೆ ಕೊಟ್ಟ. ಕಾರು ನಿಲ್ಲಿಸುವ ಬಿಳಿ ಗೆರೆಗಳನ್ನು ದಾಟಿ ಒಂದು ಕಂಬದ ಹತ್ತಿರ ಹೋಗಿ ನಿಂತ. ಬೂದು ಬಣ್ಣದ ಅಂಗಿ, ಬೆನ್ನಲ್ಲಿ ಬೆವರಿನ ಕಲೆ, ನೆತ್ತಿಯಲ್ಲಿ ನಾಲ್ಕು ಕೂದಲು.

ಮೂರು ಹೆಜ್ಜೆ ಮುಂದೆ ಬಂದ. ಎಡಕ್ಕೆ ತಿರುಗಿ, ಬಲಗೈ ಎತ್ತಿದ. ಮಾತು ಓದುವವರು ಯಾರೂ ಇರಲಿಲ್ಲವಾಗಿ ತಾನೇ ಹೇಳಿದ. "ಈ ಲೋಕದ ಹಗಲು," ತಲೆ ಒಮ್ಮೆ ಬಾಗಿತು, "ಇಲ್ಲಿಗೆ," ಮತ್ತೊಮ್ಮೆ ಬಾಗಿತು, "ಮುಗಿಯಿತು." ಅದು ಒಬ್ಬ ವಯಸ್ಸಾದವನ ಸಾಧಾರಣ ದನಿ, ಅಂಗಡಿಯಲ್ಲಿ ಮೊಟ್ಟೆ ಕೇಳುವ ದನಿ. ಎದೆ ಉಬ್ಬಿಸಿದ, ಕೈ ಬೀಸಿದ. ಮಾತು ಪೂರ್ತಿ ಮುಗಿಯುವ ಮೊದಲೇ ಕೈ ಕೆಳಗಿಳಿಯಿತು. ಪಾದಗಳು ಆಗಲೇ ಇಳಿಜಾರಿನ ಕಡೆಗೆ, ಹೊರಗೆ ಹೋಗುವ ದಾರಿಯ ಕಡೆಗೆ, ತಿರುಗಿದ್ದವು. ಅವನು ತಿರುಗಿಸಿದ್ದಲ್ಲ, ಮೈ ನೆನಪಿಟ್ಟುಕೊಂಡಿತ್ತು.

ಮೇಲೆ ಬರುತ್ತಿದ್ದ ನೀಲಿ ಕಾರೊಂದು ದಾರಿಯಲ್ಲಿ ಇವನನ್ನು ಕಂಡು ನಿಂತಿತು.

ಮಿಯಾಕೊ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಯಾಕಪ್ಪಾ ಇಷ್ಟೊಂದು ಅವಸರ?" ಎಂದಳು. ಕೇಳಿದ ಮೇಲೆ ಅವಳ ಕಣ್ಣು ಅವನ ಪಾದಗಳು ತಿರುಗಿದ್ದ ಕಡೆಗೆ ಹೋಯಿತು.

"ಅವತ್ತು ಅವಸರ ಇತ್ತು," ಎಂದ.

ನೀಲಿ ಕಾರಿನವನು ಹಾರ್ನ್ ಮಾಡಲಿಲ್ಲ. ಇಕುಮಾ ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ.

"ನನ್ನ ಫೋನ್ ಬಂದಮೇಲೆ ಎಷ್ಟು ಸಲ ಮಾಡ್ದೆ?"

"ಎರಡು ಸಲ. ಇದು ಮೊದಲನೇ ಸಲದ್ದು. ಸಿಡಿಮದ್ದು ಬೇಗ ಹಾರಿಬಿಡ್ತು, ಅದಕ್ಕೆ ಇನ್ನೊಂದ್ಸಲ ಮಾಡ್ಬೇಕಾಯ್ತು."

ಮಿಯಾಕೊ ಮೂಗು ಒರೆಸಿಕೊಂಡಳು. ಸುಡುತ್ತಿದ್ದ ಕಾರಿಗೆ ಹಾಗೇ ಒರಗಿದಳು, ಈ ಸಲ ಸರಿಯಲಿಲ್ಲ.

"ಸರಿ. ಅದನ್ನೂ ಮಾಡು."

ಸೆಗಾವಾ ನೀಲಿ ಕಾರಿನವನ ಕಡೆ ತಿರುಗಿ ಸೊಂಟ ಬಗ್ಗಿ ಕ್ಷಮೆ ಕೇಳಿದ. ಆತ ಎಂಜಿನ್ ಆರಿಸಿದ. ಸೆಗಾವಾ ಎಡ ಮೊಣಕಾಲನ್ನು ಒಮ್ಮೆ ನೀವಿಕೊಂಡು, ಬಿಸಿಲಿನಲ್ಲಿ ಬಿಳಿ ಗೆರೆಗಳನ್ನು ದಾಟಿ, ಮತ್ತೆ ಕಂಬದ ಹತ್ತಿರಕ್ಕೆ ನಡೆದುಹೋದ.